ಕೆಂದನ ಬಲಮಗ್ಗುಲು

ಸಾಲಗುಂದದ ಆ ಮನೆಯ ತಲೆಬಾಗಿಲು ದಾಟಿದರೆ ಮೊದಲು ಎದುರಾಗುವುದು ದನ, ಆಮೇಲೆ ಮನುಷ್ಯರು. ಎಡಗಡೆ ಮಣ್ಣಿನ ಗೋಡೆಗೆ ಒತ್ತಿ ಕಟ್ಟಿದ ಉದ್ದನೆಯ ಗ್ವಾದಲಿ, ಅದರ ಮುಂದೆ ಗೊರಸು ತಿಕ್ಕಿ ನುಣುಪಾದ ಹಾಸುಬಂಡೆ, ಮೊಳದೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಸೀದಾ ಗ್ವಾದಲಿಗೇ ಬೀಳುತ್ತದೆ, ಹೊಟ್ಟಿನ ಧೂಳು ಅದರಲ್ಲಿ ತೇಲುತ್ತಿರುತ್ತದೆ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳ ಕಟ್ಟೋಣವೇ ಹೀಗೆ. ಉಂಡು ಮಲಗಿದವರಿಗೆ ಎತ್ತು ಮೆಲುಕು ಹಾಕುವುದು ಕೇಳುತ್ತಿರಬೇಕು, ಅದು ನಿಂತರೆ ಎಚ್ಚರವಾಗಬೇಕು.

ಗ್ವಾದಲಿಯ ಎಡತುದಿಗೆ ಕೆಂದ ನಿಂತಿದೆ. ಬಾಯಿಗೂಡಿ ವರ್ಷಗಳಾದ ಎತ್ತು. ಹೆಗಲ ಮೇಲೆ ನೊಗ ತಿಂದ ಕಪ್ಪು ಗಡ್ಡೆ, ಕಣ್ಣಿನ ಕೆಳಗೆ ನೊಣ ಕುಳಿತ ಗುರುತು. ಅದರ ಬಲಕ್ಕೆ ಇನ್ನೊಂದು ಗೂಟವಿದೆ, ಗೂಟಕ್ಕೆ ಹಗ್ಗವಿಲ್ಲ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ ಬಂದ ಜೋಡಿ ಅದು. ಜಾತ್ರೆ ಮುಗಿದ ಕೆಲವೇ ದಿನಕ್ಕೆ ಬಲಗಡೆಯದು ಹೊಟ್ಟೆ ಉಬ್ಬರಿಸಿ ಒಂದೇ ರಾತ್ರಿಯಲ್ಲಿ ಹೋಯಿತು. ಅಂದಿನಿಂದ ಕೆಂದ ತನ್ನ ಅರ್ಧದ ಮೇವನ್ನಷ್ಟೇ ತಿನ್ನುತ್ತದೆ, ಬಲದ ಅರ್ಧಕ್ಕೆ ಬಾಯಿ ಹಾಕುವುದಿಲ್ಲ ಎಂದು ಮನೆಯ ಅಜ್ಜಿ ಹೇಳುತ್ತಾಳೆ. “ಹಗ್ಗ ಮುಟ್ಟಂಗಿಲ್ಲ, ಅದಕ್ಕ” ಎನ್ನುತ್ತಾನೆ ಅವಳ ಮಗ. ಹಗ್ಗ ಮುಟ್ಟುವುದಿಲ್ಲ ಎಂಬುದನ್ನು ನಾನೂ ನೋಡಿದೆ. ಆದರೆ ಅಜ್ಜಿಯ ಮಾತನ್ನು ತೆಗೆದುಹಾಕಲು ಅಷ್ಟು ಸಾಲದು.

“ಜೋಡಿ ಒಡದೈತ್ರಿ” ಎಂದು ಊರಲ್ಲಿ ಹೇಳುತ್ತಾರೆ. ಎತ್ತು ಸತ್ತಿತು ಅನ್ನುವುದಕ್ಕಿಂತ ಮೊದಲು ಹೇಳುವ ಮಾತು ಇದು. ಒಕ್ಕಲುತನದಲ್ಲಿ ಒಂಟೆತ್ತಿನಿಂದ ಏನೂ ಆಗದು. ರಂಟಿ, ಕುಂಟಿ, ಕೂರಿಗಿ, ಬಂಡಿ, ಯಾವುದನ್ನು ಹೂಡುವುದಿದ್ದರೂ ನೊಗಕ್ಕೆ ಎರಡು ಹೆಗಲು ಬೇಕು. ಇನ್ನೊಬ್ಬ ಒಂಟೆತ್ತಿನವನೊಡನೆ ಮುಯ್ಯಿ ಮಾಡಿಕೊಳ್ಳಬಹುದು, ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು. ಮನೆಯವರು ಹಿಂಗಾರಿ ಸುಗ್ಗಿಯ ಬಂಡಿ ಕೆಲಸಕ್ಕೆ ಹಾಗೆಯೇ ಮಾಡಿದರು. ಎರಡು ಮನೆಯ ಎರಡು ಎತ್ತು ಹಗಲಿಡೀ ಒಂದೇ ಬಂಡಿ ಎಳೆದವು. ಕೊಳ್ಳು ಹರಿದ ಕೂಡಲೇ ಒಂದು ಪಡುವಣಕ್ಕೆ ಮುಖ ಮಾಡಿತು, ಇನ್ನೊಂದು ಮೂಡಣಕ್ಕೆ. ಕೆಲಸ ನಡೆಯಿತು, ಜೋಡಿ ಆಗಲಿಲ್ಲ.

ಇಷ್ಟಕ್ಕೂ ಇಂದು ಎತ್ತು ಯಾಕೆ ಎಂದು ಕೇಳುವವರು ಸಿಂಧನೂರು ತಾಲ್ಲೂಕಿನಲ್ಲಿ ಬಹಳ ಜನ ಇದ್ದಾರೆ, ಮತ್ತು ಅವರ ಪ್ರಶ್ನೆ ತಪ್ಪಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಜೋಳದ ಎರಿ ಹೊಲಗಳ ನಡುವೆ ಹಾದು ಬಂದ ಮೇಲೆ ಈ ನೆಲದ ಬಣ್ಣವೇ ಬದಲಾಯಿತು. ಆಂಧ್ರದಿಂದ ಬಂದವರು ಕ್ಯಾಂಪು ಕಟ್ಟಿದರು, ಭತ್ತ ನೆಟ್ಟರು. ಕೆಸರು ಗದ್ದೆಗೆ ಕಬ್ಬಿಣದ ಗಾಲಿಯ ಟ್ರ್ಯಾಕ್ಟರ್ ಇಳಿಯಿತು, ಕೊಯ್ಲಿಗೆ ಯಂತ್ರ ಬಂತು. ಇಂದು ಸಿಂಧನೂರಿನ ರಸ್ತೆಯಲ್ಲಿ ಒಂದು ತಾಸು ನಿಂತರೆ ಎಷ್ಟು ಟ್ರ್ಯಾಕ್ಟರ್ ಹೋದವೆಂದು ಲೆಕ್ಕ ಇಡಲಾಗದು, ಜೋಡೆತ್ತಿನ ಬಂಡಿಯಾದರೆ ಬೆರಳಲ್ಲೇ ಎಣಿಸಬಹುದು. ಆದರೆ ಕಾಲುವೆ ನೀರು ಎಲ್ಲ ಹೊಲಕ್ಕೂ ಹತ್ತುವುದಿಲ್ಲ. ಹತ್ತದ ಕಡೆ ಜೋಳ, ಕಡಲೆ, ತೊಗರಿ, ಹತ್ತಿ ಇದ್ದೇ ಇವೆ. ಮೊಳಕಾಲೆತ್ತರ ಬೆಳೆದ ಹತ್ತಿಯ ಸಾಲಿನ ನಡುವೆ ಕಳೆ ತೆಗೆಯಲು ಎಡೆ ಹೊಡೆಯಬೇಕು. ಅಲ್ಲಿ ಟ್ರ್ಯಾಕ್ಟರಿನ ಗಾಲಿ ಗಿಡ ಮುರಿಯುತ್ತದೆ. ಎತ್ತು ಸಾಲು ನೋಡಿ ಕಾಲಿಡುತ್ತದೆ. ಎರಡೂ ಎತ್ತು ಒಂದೇ ಹೆಜ್ಜೆಯವಾಗಿದ್ದರೆ ಮಾತ್ರ. ಒಂದು ಮುಂದೆ, ಒಂದು ಹಿಂದೆ ಆದರೆ ಕುಂಟಿಯ ಕುಡ ಓರೆಯಾಗಿ ಕಳೆಯ ಬದಲು ಬೆಳೆಯನ್ನೇ ಕೊಯ್ಯುತ್ತದೆ.

ಹಾಗಾಗಿ ಯುಗಾದಿ ಕಳೆದ ಮೇಲೆ ಹೊಸದೊಂದನ್ನು ತರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಒಂದನ್ನು ತರುವುದು ಎರಡನ್ನು ತರುವುದಕ್ಕಿಂತ ಕಷ್ಟ. ಜೋಡಿ ಕೊಳ್ಳುವವನು ಸಂತೆಯಲ್ಲಿ ಜೋಡಿ ನೋಡಿದರೆ ಸಾಕು. ಒಂದನ್ನು ಕೊಳ್ಳುವವನು ಮನೆಯಲ್ಲಿರುವ ಎತ್ತನ್ನು ಕಣ್ಣಿನಲ್ಲಿಟ್ಟುಕೊಂಡು ಸಂತೆ ಸುತ್ತಬೇಕು. ಎತ್ತರ ಸರಿಯಿರಬೇಕು, ಇಲ್ಲವಾದರೆ ನೊಗ ಒಂದು ಕಡೆಗೆ ವಾಲಿ ಗಿಡ್ಡ ಎತ್ತಿನ ಹೆಗಲು ಹುಣ್ಣಾಗುತ್ತದೆ. ನಡಿಗೆ ಸರಿಯಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಬಲಗಡೆಯ ಎತ್ತೇ ಆಗಿರಬೇಕು. ಎಡಕ್ಕೆ ದುಡಿದ ಎತ್ತನ್ನು ಬಲಕ್ಕೆ ಹೂಡಿದರೆ ಅದು ತಿರುವಿನಲ್ಲಿ ಪ್ರತಿ ಸಲ ತನ್ನ ಹಳೆಯ ಮಗ್ಗುಲನ್ನೇ ಹುಡುಕುತ್ತದೆ. ಎಡಬಲ ಬದಲಾಯಿಸಬಹುದು, ಆಗದೆಂದಿಲ್ಲ. ಆದರೆ ಅದಕ್ಕೆ ಒಂದು ಹಂಗಾಮು ಹೋಗುತ್ತದೆ, ಬೈಗುಳ ಬಹಳ ಖರ್ಚಾಗುತ್ತದೆ.

ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುವುದು ಎಲ್ಲರೂ ಮಾಡುವ ಕೆಲಸ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿದ್ದರೆ ಎರಡು ಎರಡೂವರೆ ವರ್ಷ. ನಾಲ್ಕು, ಆರು, ಆಮೇಲೆ ಎಂಟೂ ಬಂದರೆ ಬಾಯಿ ಕೂಡಿತು, ಅಂದರೆ ನಾಲ್ಕೈದು ವರ್ಷ ದಾಟಿತು. ಸುಳಿ ನೋಡುವವರು ಸುಳಿ ನೋಡುತ್ತಾರೆ. ಹಣೆಯಲ್ಲಿ, ಬೆನ್ನಲ್ಲಿ, ಗಂಗೆದೊಗಲ ಬಳಿ ಕೂದಲು ಎತ್ತ ತಿರುಗಿದೆ ಎಂಬುದರ ಮೇಲೆ ಮನೆಯ ಏಳುಬೀಳು ನಿಂತಿದೆ ಎಂದು ನಂಬಿಕೆ. ನನಗೆ ಸುಳಿಯಲ್ಲಿ ನಂಬಿಕೆಯಿಲ್ಲ. ಆದರೆ ಸುಳಿ ನೋಡುವ ನೆಪದಲ್ಲಿ ಎತ್ತಿನ ಮೈಯನ್ನು ಅಂಗೈಯಲ್ಲಿ ತಡವಿ, ಎಲ್ಲಿ ಮುಟ್ಟಿದರೆ ಬೆಚ್ಚುತ್ತದೆ, ಎಲ್ಲಿ ಮುಟ್ಟಿದರೆ ಕಣ್ಣು ಅರೆಮುಚ್ಚುತ್ತದೆ ಎಂದು ತಿಳಿದುಕೊಳ್ಳುವ ಕೈ ಇದೆಯಲ್ಲ, ಅದನ್ನು ನಂಬುತ್ತೇನೆ. ಕೊನೆಗೆ ಒಂದು ಎತ್ತಿಗೆ ದಲಾಲಿಯ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ನಡೆಯಿತು. ಹೊರಗೆ ನಿಂತವರಿಗೆ ಕಂಡದ್ದು ಟವೆಲಿನ ಕುಪ್ಪಳಿಕೆ ಮತ್ತು ಮಾರುವವನ ತಲೆಯಾಡಿಕೆ. “ಬಲಕ್ಕ ಪಳಗೇತೇನು?” ಎಂದು ಮನೆಯವನು ಕೇಳಿದ್ದಕ್ಕೆ ದಲಾಲಿ ಉತ್ತರ ಕೊಡಲಿಲ್ಲ. ಎತ್ತಿನ ಎಡಮಗ್ಗುಲಿಗೆ ತಾನೇ ಹೋಗಿ ಒತ್ತಿ ನಿಂತ. ಎತ್ತು ಸರಿಯಲಿಲ್ಲ. ಎಡಕ್ಕೆ ಯಾರೋ ಇರುವುದು ಅದಕ್ಕೆ ರೂಢಿಯೇ. ಬಲಕ್ಕೆ ಹೋಗಿ ನಿಂತಾಗ ಎರಡು ಹೆಜ್ಜೆ ಸರಿದು ಕಿವಿ ಹಿಂದಕ್ಕೆ ಮಾಡಿತು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಬಂದದ್ದು ಬಿಳಿಯ ಹೋರಿ, ಬೀಜ ಒಡೆಸಿದ್ದು, ಆರು ಹಲ್ಲಿನದು. ಖಿಲಾರಿ ರಕ್ತ ಇದೆಯೆಂದು ಉದ್ದನೆಯ ಮುಖ ಮತ್ತು ಹಿಂದಕ್ಕೆ ಬಾಗಿ ಮೇಲೇರಿದ ಕೋಡು ಹೇಳುತ್ತಿದ್ದವು. ಪಿಕಪ್ ಗಾಡಿಯಿಂದ ಇಳಿಸುವಾಗ ಕಾಲು ನಡುಗುತ್ತಿತ್ತು. ಏಪ್ರಿಲ್ ಬಿಸಿಲು, ರಾಯಚೂರು ಜಿಲ್ಲೆಯಲ್ಲಿ ಆ ತಿಂಗಳು ನಲವತ್ತು ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅಜ್ಜಿ ಕೊಡದಲ್ಲಿ ನೀರು ತಂದು ಗೊರಸಿಗೆ ಹೊಯ್ದು, ಹಣೆಗೆ ಭಂಡಾರ ಹಚ್ಚಿದಳು. ಹೊಸ ಎತ್ತು ಬಂದ ಮನೆಯಲ್ಲಿ ಅದನ್ನು ಹೊಸ ಸೊಸೆಗೆ ಹೋಲಿಸುವುದು ವಾಡಿಕೆ. ನನಗೆ ಆ ಹೋಲಿಕೆ ಒಗ್ಗುವುದಿಲ್ಲ. ಎತ್ತಿಗೆ ಪಂಚಮಿಗೆ ತವರಿಗೆ ಹೋಗುವ ದಾರಿ ಇಲ್ಲ.

ಮನೆಯೊಳಕ್ಕೆ ತರಲಿಲ್ಲ. ಹಿತ್ತಲಾಚೆಯ ಬೇವಿನ ಮರಕ್ಕೆ ಕಟ್ಟಿದರು. ಬಕೆಟ್ ಬೇರೆ, ಮೇವಿನ ಪುಟ್ಟಿ ಬೇರೆ, ಅದರ ಸಗಣಿ ತೆಗೆಯುವ ಬುಟ್ಟಿಯೂ ಬೇರೆ. ಇದು ಹಳೆಯ ಕಟ್ಟಳೆ ಅಲ್ಲ, 2022ರ ಪಾಠ. ಆ ವರ್ಷ ಚರ್ಮಗಂಟು ರೋಗ ರಾಜ್ಯವನ್ನೆಲ್ಲ ಸುತ್ತಿತು. ಕಚ್ಚುವ ನೊಣ, ಸೊಳ್ಳೆಗಳ ಮೂಲಕ ಹಟ್ಟಿಯಿಂದ ಹಟ್ಟಿಗೆ ದಾಟಿತು. ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಮೈತುಂಬ ಗಂಟೆದ್ದ ಎತ್ತುಗಳು ಮೇವು ಬಿಟ್ಟು ನಿಂತದ್ದನ್ನು ನೋಡಿದವರು ಹೊಸ ದನವನ್ನು ಸೀದಾ ಹಳೆಯದರ ಮಗ್ಗುಲಿಗೆ ಕಟ್ಟುವುದಿಲ್ಲ. ಕಾಲುಬಾಯಿ ರೋಗದ ವೈರಸ್ ಮೈಹೊಕ್ಕು 2ರಿಂದ 14 ದಿನದೊಳಗೆ ಹೊರಗೆ ತೋರುತ್ತದೆ, ಚರ್ಮಗಂಟಿನದು ಅದಕ್ಕಿಂತ ನಿಧಾನ. ಮೂರು ವಾರವಾದರೂ ಬೇರೆ ಇಡಿ ಎಂದು ಪಶುವೈದ್ಯರು ಹೇಳುತ್ತಾರೆ. ರೋಗದ ಭಯಕ್ಕೆ ಇಟ್ಟ ಈ ಅಂತರ ಇನ್ನೊಂದು ಕೆಲಸವನ್ನೂ ಮಾಡುತ್ತದೆ ಎಂಬುದು ಮೊದಲ ಸಂಜೆಯೇ ಗೊತ್ತಾಯಿತು. ಪಡುವಣ ಗಾಳಿ ಬೀಸಿ ಹಿತ್ತಲಿನ ವಾಸನೆ ಒಳಗೆ ಬಂದ ಗಳಿಗೆಯಲ್ಲಿ ಕೆಂದ ಮೆಲುಕು ನಿಲ್ಲಿಸಿತು. ಮೂಗು ಎತ್ತಿ, ಮೇಲ್ದುಟಿ ಸುರುಳಿ ಮಾಡಿ, ಗಾಳಿಯನ್ನು ಬಾಯಲ್ಲಿ ಕುಡಿದಂತೆ ನಿಂತಿತು. ದನಗಳ ಅಂಗುಳಲ್ಲಿ ವಾಸನೆ ಸವಿಯುವ ಒಂದು ಅಂಗವಿದೆ. ತುಟಿ ಹಾಗೆ ಮಡಚಿದಾಗ ವಾಸನೆ ಅಲ್ಲಿಗೆ ಏರುತ್ತದೆ. ಕಣ್ಣಿಗೆ ಕಾಣದ ಹೊಸಬನನ್ನು ಕೆಂದ ಗೋಡೆಯಾಚೆಯಿಂದ ಓದತೊಡಗಿತ್ತು. ಮನೆಯ ಹುಡುಗ ಇದನ್ನು ನೋಡಿ ಇನ್ನೊಂದು ಉಪಾಯ ಮಾಡಿದ. ಬಿಳಿಯದರ ಕೊರಳಿನ ಹಳೆಯ ಹಗ್ಗ ಬಿಚ್ಚಿ ತಂದು ಕೆಂದನ ಬಲಗಡೆಯ ಖಾಲಿ ಗೂಟಕ್ಕೆ ಸುತ್ತಿದ. ಬೇನೆಯ ಸೂಚನೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲಿನ ಮಾತು ಇದು.

ಇಲ್ಲಿ ಸ್ವಲ್ಪ ದೂರ ಹೋಗಿ ಬರುತ್ತೇನೆ. ಆ ಹುಡುಗನ ಅಕ್ಕ ಬೆಂಗಳೂರಿನಲ್ಲಿದ್ದಾಳೆ. ಅವಳ ಫ್ಲ್ಯಾಟಿನಲ್ಲಿ ಎರಡು ಗಿನಿಪಿಗ್ ಇವೆ. ಬಾಲವಿಲ್ಲದ, ಅಂಗೈಗಿಂತ ತುಸು ದೊಡ್ಡ ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನ ಸಾವಿರಾರು ವರ್ಷಗಳಿಂದ ಮನೆಯಲ್ಲಿ ಸಾಕಿಕೊಂಡು ಬಂದದ್ದು, ಅಲ್ಲಿ ಇಂದಿಗೂ ಹಬ್ಬದ ಅಡುಗೆಗೆ. ಅವಳು ಮೊದಲು ತಂದದ್ದು ಒಂದನ್ನೇ. ಅದು ಮೂಲೆಯಲ್ಲಿ ಕೂತೇ ಇರುತ್ತಿತ್ತು. ಇದು ಗುಂಪಿನ ಪ್ರಾಣಿ, ಒಂಟಿಯಾಗಿ ಸಾಕುವುದು ಹಿಂಸೆ ಎಂದು ಸ್ವಿಟ್ಜರ್ಲೆಂಡ್ ದೇಶ 2008ರಲ್ಲಿ ನಿಯಮವನ್ನೇ ಮಾಡಿತು. ಅಲ್ಲಿ ಗಿನಿಪಿಗ್ ಸಾಕುವವರು ಎರಡನ್ನಾದರೂ ಸಾಕಬೇಕು. ಎರಡರಲ್ಲಿ ಒಂದು ಸತ್ತರೆ ಉಳಿದದ್ದಕ್ಕೆ ಜೊತೆ ಹುಡುಕುವುದು ಸಾಕಿದವರ ಹೊಣೆ. ಫೋನಿನಲ್ಲಿ ಅಕ್ಕ ತಮ್ಮನಿಗೆ ಹೇಳಿದ ಕ್ರಮ ಕೇಳಿದರೆ ಸಾಲಗುಂದದ ಹಿತ್ತಲಿನಲ್ಲಿ ನಡೆಯುತ್ತಿದ್ದುದೇ ಅಲ್ಲಿಯೂ ನಡೆದಿತ್ತು. ಹೊಸದನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿಡು. ಆಮೇಲೆ ಮಗ್ಗುಲು ಮಗ್ಗುಲಿಗೆ ಎರಡು ಗೂಡು, ನಡುವೆ ಜಾಳಿಗೆ. ಹಾಸು ಅದಲುಬದಲು ಮಾಡು. ಕೊನೆಗೆ ಎರಡರದೂ ಅಲ್ಲದ ಜಾಗದಲ್ಲಿ, ರಾಶಿ ಹುಲ್ಲು ಸುರಿದು, ಎರಡೂ ಕಡೆ ಬಾಗಿಲಿರುವ ಅಡಗುದಾಣಗಳನ್ನಿಟ್ಟು ಬಿಡು; ಒಂದೇ ಬಾಗಿಲಿದ್ದರೆ ಹೊಸದು ಒಳಗೆ ಸಿಕ್ಕಿಬೀಳುತ್ತದೆ. ಹಲ್ಲು ಕಟಕಟ ಅನ್ನಿಸುತ್ತವೆ, ಗುರುಗುಟ್ಟುತ್ತ ಸೊಂಟ ತಿರುಗಿಸಿ ಒಂದನ್ನೊಂದು ಸುತ್ತುತ್ತವೆ, ಮೈಮೇಲೆ ಏರಿಹೋಗುತ್ತವೆ. ಅದೆಲ್ಲ ಮಾತುಕತೆ. ರಕ್ತ ಕಂಡರೆ ಮಾತ್ರ ಬಿಡಿಸು. ಹೆದರಿ ಪದೇಪದೇ ಬಿಡಿಸಿದರೆ ಪ್ರತಿ ಸಲ ಮೊದಲಿನಿಂದ ಜಗಳ ಶುರು. ಬರಿಗೈ ಹಾಕಬೇಡ, ಕಚ್ಚುತ್ತವೆ.

ಒಂದು ಕಿಲೋ ತೂಗುವ ಪ್ರಾಣಿಗೂ ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿಗೂ ಒಂದೇ ಕ್ರಮ ಒಪ್ಪುತ್ತದೆ ಎಂಬುದು ಹುಡುಗನಿಗೆ ತಮಾಷೆಯಾಗಿ ಕಂಡಿತು. ನನಗೆ ತಮಾಷೆ ಅನ್ನಿಸಲಿಲ್ಲ. ಎರಡೂ ಬೇಟೆಗೆ ಸಿಗುವ ಪ್ರಾಣಿಗಳು, ಗುಂಪಿನಲ್ಲಿ ನಿಂತು ಉಳಿದವು. ಅಂಥವಕ್ಕೆ ಹೊಸಬನೆಂದರೆ ಆಸರೆಯೂ ಹೌದು, ಮೇವಿಗೆ ಪಾಲುಗಾರನೂ ಹೌದು. ಯಾರು ಮೊದಲು ತಿನ್ನಬೇಕೆಂಬುದು ಇತ್ಯರ್ಥವಾಗದೆ ಒಂದೂ ನಿಶ್ಚಿಂತೆಯಿಂದ ಬೆನ್ನು ತಿರುಗಿಸಲಾರದು.

ಆ ಇತ್ಯರ್ಥ ನಡೆದದ್ದು ಊರ ಹೊರಗಿನ ಕಣದಲ್ಲಿ. ಕಡಲೆ, ಜೋಳ ಒಕ್ಕಿ ಮುಗಿದು ಕಣ ಬರಿದಾಗಿತ್ತು. ಅದು ಕೆಂದನ ಗ್ವಾದಲಿಯೂ ಅಲ್ಲ, ಬಿಳಿಯದರ ಬೇವಿನ ಮರವೂ ಅಲ್ಲ. ಬೆಳಗಿನ ತಂಪಿನಲ್ಲಿ ಇಬ್ಬರು ಎರಡು ದಿಕ್ಕಿನಿಂದ ಎರಡನ್ನೂ ಹಿಡಿದು ತಂದರು. ಉದ್ದ ಹಗ್ಗ, ಮೂಗುದಾರ ಸಡಿಲ. ಮನೆಯವನು ಕೈಯಲ್ಲಿ ಬಾರುಕೋಲು ಹಿಡಿಯಲಿಲ್ಲ, “ಕೋಲು ಕಂಡ್ರ ನನ್ನ ಮ್ಯಾಲ ಲಕ್ಷ್ಯ ಇಡ್ತಾವ, ಒಂದರ ಮ್ಯಾಲೊಂದು ಇಡಂಗಿಲ್ಲ.”

ಮೊದಲು ಏನೂ ಆಗಲಿಲ್ಲ. ದನಕ್ಕೆ ಕಣ್ಣು ತಲೆಯ ಎರಡು ಮಗ್ಗುಲಲ್ಲಿ; ಕತ್ತು ತಿರುಗಿಸದೆ 300 ಡಿಗ್ರಿಗೂ ಹೆಚ್ಚು ಅಗಲ ಕಾಣುತ್ತದೆ. ಆದ್ದರಿಂದ ಎರಡೂ ಬೇರೆಲ್ಲೋ ನೋಡುತ್ತಿವೆ ಎಂದು ನಮಗನ್ನಿಸಿದಾಗ ಎರಡೂ ಒಂದನ್ನೊಂದೇ ನೋಡುತ್ತಿದ್ದವು. ಕೆಂದ ನೆಲ ಮೂಸಿ ಮುಂಗಾಲಿನಿಂದ ಧೂಳು ಕೆರೆದು ತನ್ನ ಬೆನ್ನ ಮೇಲೆ ಎರಚಿಕೊಂಡಿತು. ಆಮೇಲೆ ಅಡ್ಡ ನಿಂತಿತು. ತನ್ನ ಮೈಯ ಉದ್ದವೆಲ್ಲ ಕಾಣುವಂತೆ, ಕತ್ತು ಬಾಗಿಸಿ, ಬೆನ್ನು ಉಬ್ಬಿಸಿ. ಬಿಳಿಯದು ಚಿಕ್ಕದು, ಆದರೆ ಕೋಡು ಉದ್ದ. ಕಣದ ಅಂಚಿನಲ್ಲಿ ನಾಲ್ಕಾರು ಜನ ಸೇರಿದ್ದರು. ಯಾರೋ ಮೊಬೈಲ್ ಹಿಡಿದಿದ್ದರು.

ಹಣೆಗೆ ಹಣೆ ಕೂಡಿದ ಸದ್ದು ಒಣ ಕಟ್ಟಿಗೆ ಸೀಳಿದ ಸದ್ದು. ಬಿಳಿಯದು ಹಿಂಗಾಲು ಊರಿ ತಳ್ಳಿತು, ಕೆಂದ ತಳ್ಳಲಿಲ್ಲ, ತಡೆದು ನಿಂತಿತು ಅಷ್ಟೆ. ಒಮ್ಮೆ ಕೋಡು ಕೋಡಿಗೆ ತೊಡರಿ ಎರಡೂ ತಲೆ ಓರೆಯಾದವು. ಹಗ್ಗ ಹಿಡಿದ ಹುಡುಗ ಎಳೆಯಲು ಹೋದ. “ಬಿಡಸಬ್ಯಾಡ! ಕಣ್ಣಿಗೆ ಬಡಿದ್ರ ಬಿಡಸೋಣಂತ” ಎಂದು ಮನೆಯವನು ಗದರಿದ. ಎರಡನೆಯ ಸುತ್ತಿನಲ್ಲಿ ಕೆಂದ ಕತ್ತನ್ನು ಕೆಳಗೆ ಹಾಕಿ ಬಿಳಿಯದರ ಕೊರಳ ಬುಡಕ್ಕೆ ಭುಜ ಕೊಟ್ಟಿತು, ನೊಗ ಎಳೆಯುವ ಭುಜವನ್ನೇ. ಬಿಳಿಯದು ಅಡ್ಡ ಸರಿದು, ತಿರುಗಿ, ಹತ್ತು ಹೆಜ್ಜೆ ಓಡಿ ನಿಂತಿತು. ಕೆಂದ ಬೆನ್ನಟ್ಟಲಿಲ್ಲ. ನಿಂತಲ್ಲಿಯೇ ಉಚ್ಚೆ ಹೊಯ್ದು, ಕಣದಲ್ಲಿ ಉಳಿದಿದ್ದ ಕಣಿಕಿಯ ಎಸಳು ಹುಡುಕಿ ತಿನ್ನತೊಡಗಿತು. ಸ್ವಲ್ಪ ಹೊತ್ತಿಗೆ ಬಿಳಿಯದೂ ಒಂದು ಎಸಳಿಗೆ ಬಾಯಿ ಹಾಕಿತು, ದೂರದಲ್ಲೇ. ಜನ ಚದುರಿದರು. ಮೊಬೈಲ್ ಹಿಡಿದವನಿಗೆ ನಿರಾಸೆಯಾಗಿತ್ತು.

ಅಂದು ರಾತ್ರಿ ಬಿಳಿಯದು ಮನೆಯೊಳಗೆ ಬಂತು. ಖಾಲಿ ಗೂಟಕ್ಕಲ್ಲ, ಅದರಾಚೆ ಹೊಸದಾಗಿ ಬಡಿದ ಗೂಟಕ್ಕೆ. ನಡುವೆ ಎರಡು ಎತ್ತು ಹಿಡಿಯುವಷ್ಟು ಜಾಗ. ಗ್ವಾದಲಿಯಲ್ಲಿ ಮೇವು ಎರಡು ಕಡೆ. ಈ ಹಂತದಲ್ಲಿ ಮೇವಿಗೆ ಜಿಪುಣತನ ಮಾಡಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಕಣಿಕಿಯ ಜೊತೆ ತೊಗರಿ ಹೊಟ್ಟು, ಸಂಜೆಗೆ ನೆನೆಸಿದ ಹತ್ತಿಕಾಳಿನ ಹಿಂಡಿ. ಹಿಂಡಿ ಮೊದಲು ಕೆಂದನಿಗೆ. ಹೊಸದರ ಮೇಲೆ ಕನಿಕರ ಬಂದು ಮೊದಲು ಅದಕ್ಕೆ ಇಟ್ಟರೆ ಜಗಳ ಹಚ್ಚಿದಂತೆಯೇ. ಮನುಷ್ಯರ ನ್ಯಾಯಕ್ಕೆ ಇದು ಸರಿ ಕಾಣದಿರಬಹುದು. ಎತ್ತುಗಳು ಕಣದಲ್ಲಿ ತೀರ್ಮಾನಿಸಿದ್ದನ್ನು ಗ್ವಾದಲಿಯಲ್ಲಿ ನಾವು ತಿದ್ದಲು ಹೋಗಬಾರದು. ಆಮೇಲಿನದು ಹಗ್ಗದ ಕೆಲಸ. ಕೆಲವು ದಿನಕ್ಕೊಮ್ಮೆ ಗೂಟ ಕೀಳುತ್ತ, ಒಂದೊಂದು ಮೊಳ ಈಚೆಗೆ ಬಡಿಯುತ್ತ ಬಂದರು. ಕೆಂದ ಕೋಡು ಬೀಸಿದರೆ ತಾಗದಷ್ಟು. ಆಮೇಲೆ ತಾಗುವಷ್ಟು, ಆದರೆ ಬೀಸದಷ್ಟು. ಈ ಎರಡರ ನಡುವಿನ ದೂರವನ್ನು ಮನೆಯವನು ಕಣ್ಣಳತೆಯಲ್ಲಿ ಹಿಡಿಯುತ್ತಿದ್ದ. ಹೇಗೆ ಗೊತ್ತಾಗುತ್ತದೆ ಎಂದರೆ, ಕಿವಿ ನೋಡಬೇಕಂತೆ.

ಸಿಂಧನೂರಿನ ಉತ್ತರಕ್ಕೆ ಮಸ್ಕಿ, ಅದರಾಚೆ ಲಿಂಗಸುಗೂರು ತಾಲ್ಲೂಕಿನ ಮುದಗಲ್. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತೆಂದು ನಾವು ಶಾಲೆಯಲ್ಲಿ ಓದುತ್ತೇವೆ. ಮುದಗಲ್ ಬಳಿಯ ಪಿಕ್ಲಿಹಾಳದ ಕಥೆ ಶಾಲೆಯಲ್ಲಿ ಬರುವುದಿಲ್ಲ. ಅಲ್ಲಿನ ಗುಡ್ಡಗಳಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್ 1960ರಲ್ಲಿ ವರದಿ ಪ್ರಕಟಿಸಿದರು. ನವಶಿಲಾಯುಗದಲ್ಲೇ ದನ ಸಾಕಿದ ಜನ ಅಲ್ಲಿದ್ದರು. ಬಂಡೆಗಳ ಮೇಲೆ ಬರೆದು, ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಹಿಣಿಲು ಎತ್ತಿದ, ಉದ್ದ ಕೋಡಿನ ದನಗಳೇ ಹೆಚ್ಚು. ಮೂರು ನಾಲ್ಕು ಸಾವಿರ ವರ್ಷದ ಹಿಂದೆ ಈ ಸೀಮೆಯ ಯಾರೋ ಹೊಸ ದನವನ್ನು ಹಳೆಯ ದೊಡ್ಡಿಗೆ ಸೇರಿಸುವಾಗ ಕಿವಿ ನೋಡಿಯೇ ನೋಡಿರುತ್ತಾರೆ.

ವೈಶಾಖದ ಒಂದು ಮಧ್ಯಾಹ್ನ, ಮನೆಯಲ್ಲಿ ಎಲ್ಲರೂ ಒರಗಿದ್ದ ಹೊತ್ತು, ಪಡಸಾಲೆಯಿಂದ ನೋಡಿದರೆ ಬಿಳಿಯದು ಕತ್ತು ಚಾಚಿ, ತಲೆ ತಗ್ಗಿಸಿ, ಕೆಂದನ ಬಾಯಿಯ ಮುಂದೆ ತನ್ನ ಕೊರಳು ಹಿಡಿದು ನಿಂತಿತ್ತು. ಬೇಡುವ ನಿಲುವು ಅದು. ಕೆಂದ ಬಹಳ ಹೊತ್ತು ಏನೂ ಮಾಡಲಿಲ್ಲ. ಆಮೇಲೆ ನಾಲಿಗೆ ಹೊರಗೆ ಬಂತು. ಕಿವಿಯ ಹಿಂದಿನಿಂದ ಶುರು ಮಾಡಿ ಕೊರಳಿನ ಉದ್ದಕ್ಕೆ ಗರಗರ ನೆಕ್ಕಿತು. ಎತ್ತಿಗೆ ತನ್ನ ನಾಲಿಗೆ ತನಗೇ ಎಟುಕದ ಜಾಗ ಅದು. ಕೆನ್ಯಾದಲ್ಲಿ ಹಿಣಿಲಿನ ದನಗಳ ಒಂದು ಹಿಂಡನ್ನು ವರ್ಷಗಟ್ಟಲೆ ಹಿಂಬಾಲಿಸಿದ ವಿಕ್ಟರ್ ಮತ್ತು ಆನ್ನಿ ರೈನ್‌ಹಾರ್ಟ್ 1981ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನೇ ಹೇಳುತ್ತಾರೆ. ದನ ಯಾರನ್ನು ಬೇಕಾದರೂ ನೆಕ್ಕುವುದಿಲ್ಲ. ಮಗ್ಗುಲಲ್ಲಿ ಮೇಯಲು, ನೆಕ್ಕಲು, ನೆಕ್ಕಿಸಿಕೊಳ್ಳಲು ಅದಕ್ಕೆ ತನ್ನವೇ ಆಯ್ಕೆಗಳಿವೆ, ಮತ್ತು ಆ ನಂಟು ಬಹಳ ಕಾಲ ಬಾಳುತ್ತದೆ. ಆ ಸಂಜೆ ಮನೆಯವನು ಹೊರಗಿನ ಗೂಟ ಕಿತ್ತು ಬಿಸಾಡಿ, ಬಿಳಿಯದನ್ನು ಹಳೆಯ ಗೂಟಕ್ಕೆ ತಂದ.

ನೊಗ ಇದಾದ ಮೇಲೆ. ನೊಗವನ್ನೇ ಮೊದಲು ಹೇರಿ ಹೊಡೆದು ಬಡಿದು ಹೊಂದಿಸುವವರೂ ಇದ್ದಾರೆ, ಹೊಂದುತ್ತವೆ ಕೂಡ. ಅಂಥ ಜೋಡಿಗಳನ್ನು ಹೊಲದಲ್ಲಿ ನೋಡಿದರೆ ಗೊತ್ತಾಗುತ್ತದೆ: ಬಾಲಗಳನ್ನು ಒಂದರಿಂದೊಂದು ದೂರ ಇಟ್ಟುಕೊಂಡು, ನೊಗದ ಕೆಳಗೆ ಮೈ ಹೊರಕ್ಕೆ ವಾಲಿಸಿ ಎಳೆಯುತ್ತವೆ. ಇಲ್ಲಿ ಮೊದಲ ದಿನ ಬರೀ ನೊಗ, ಹಿಂದೆ ಏನೂ ಇಲ್ಲ. ಊರ ಸುತ್ತ ಒಂದು ಸುತ್ತು. ಎರಡನೆಯ ಸಲ ಹಗ್ಗ ಕಟ್ಟಿ ಒಂದು ಜಾಲಿ ಕೊರಡು. ಕೊರಡಿನ ಸದ್ದಿಗೆ ಬಿಳಿಯದು ಬೆಚ್ಚಿ ಮುಂದೆ ನುಗ್ಗಿತು, ಕೆಂದ ನಿಂತುಬಿಟ್ಟಿತು. ನೊಗ ಒಂದು ಕಡೆ ತಿರುಗಿ ಎರಡೂ ಎದುರುಬದುರಾದವು. ಬೈಗುಳ ಕೇಳಿಸಿತು, ಆದರೆ ಅದು ಎತ್ತಿಗಲ್ಲ, ನಕ್ಕ ಹುಡುಗನಿಗೆ.

ರೋಹಿಣಿ ಮಳೆ ಹನಿದ ಮೇಲೆ ಕುಂಟಿ ಹೊರಗೆ ಬಂತು. ಇಲ್ಲೊಂದು ಕೈಚಳಕ ನೋಡಿದೆ. ನೊಗದ ನಡುವೆ ಕಟ್ಟಬೇಕಾದ ಮಿಣಿಯನ್ನು ಮನೆಯವನು ನಡುವೆ ಕಟ್ಟಲಿಲ್ಲ, ಎರಡು ಬೆರಳಿನಷ್ಟು ಕೆಂದನ ಕಡೆಗೆ ಸರಿಸಿ ಕಟ್ಟಿದ. ನೊಗ ಒಂದು ತಕ್ಕಡಿಯ ದಂಡಿ. ನಡು ಸರಿದ ಕಡೆಗೆ ಭಾರ ಹೆಚ್ಚು. ಹಳೆಯ ಎತ್ತು ಹೆಚ್ಚು ಎಳೆಯುತ್ತದೆ, ಹೊಸದಕ್ಕೆ ಹಗುರಾಗುತ್ತದೆ, ಹೆಜ್ಜೆ ಸಮ ಬೀಳುತ್ತದೆ. “ಮೊದಲ ಹರಗೂತನ ಹಿಂಗ ಇರ್ಲಿ. ಆಮ್ಯಾಲ ಒಂದೊಂದು ಬೆರಳು ಈ ಕಡಿ ತರೋದು.” ಕೆಂದನಿಗೆ ಇದು ಗೊತ್ತಿತ್ತೋ ಇಲ್ಲವೋ. ಎರಿ ಹೊಲದ ಮೊದಲ ಸಾಲಿನಲ್ಲಿ ಅದು ತನ್ನ ಹಳೆಯ ನಡಿಗೆಯನ್ನು ನಿಧಾನಿಸಿದ್ದಂತೂ ನಿಜ. ಸಾಲಿನ ತುದಿಯಲ್ಲಿ “ಹೊಳ್ಳ್, ಹೊಳ್ಳ್” ಎಂದ ಕೂಡಲೇ ಒಳಗಡೆಯ ಎತ್ತು ನಿಂತಲ್ಲೇ ಕಾಲು ಬದಲಿಸಬೇಕು, ಹೊರಗಡೆಯದು ದೊಡ್ಡ ಸುತ್ತು ಹಾಕಬೇಕು. ಬಿಳಿಯದಕ್ಕೆ ಮಾತು ತಿಳಿಯಲಿಲ್ಲ. ಹಳೆಯ ಒಡೆಯ ಬೇರೇನೋ ಶಬ್ದ ಮಾಡುತ್ತಿದ್ದಿರಬೇಕು. ಕೆಂದ ತಿರುಗಿತು, ನೊಗ ತಿರುಗಿತು, ಬಿಳಿಯದೂ ತಿರುಗಿತು. ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಮಾತು ಮುಗಿಯುವ ಮೊದಲೇ ಎರಡೂ ತಿರುಗುತ್ತಿದ್ದವು.

ಕಾರಹುಣ್ಣಿಮೆಗೆ ಕೋಡು ಹೆರೆದು ಬಣ್ಣ ಬಳಿದರು. ಕೆಂದನಿಗೆ ಹಳೆಯ ಗೆಜ್ಜೆಸರ, ಬಿಳಿಯದಕ್ಕೆ ಸಿಂಧನೂರಿನಿಂದ ತಂದ ಹೊಸ ಹಣೆಪಟ್ಟಿ. ಹೊಸ ಜೂಲಿನ ಕೆಂಪು ಬಣ್ಣ ಬೆವರಿಗೆ ಬಿಳಿಯದರ ಬೆನ್ನಿಗೆಲ್ಲ ಹತ್ತಿ ಅಜ್ಜಿ ಗೊಣಗಿದಳು. ಸಂಜೆ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದೆ ಬರುತ್ತದೆಂದು ಊರೇ ಕಾಯುತ್ತದೆ. ಕೆಂಪು ಬಂದರೆ ಮುಂಗಾರಿ ಚಲೋ, ಬಿಳಿ ಬಂದರೆ ಹಿಂಗಾರಿ. ಒಂದು ಕೆಂಪು, ಒಂದು ಬಿಳಿ ಕಟ್ಟಿದ ಈ ಮನ್ಯಾಗ ಯಾವ ಬೆಳಿ ಹೋದ್ರೂ ಇನ್ನೊಂದು ಐತಿ ಎಂದು ಕಟ್ಟೆಯ ಮೇಲೆ ಕುಳಿತವರು ಚಾಷ್ಟಿ ಮಾಡಿದರು. ಅಲ್ಲಿಯೇ ಒಬ್ಬ ವ್ಯಾಪಾರಿ ಬಿಳಿಯದರ ಮೈ ತಡವಿ, ಬೆನ್ನು ಚಪ್ಪರಿಸಿ, ಮನೆಯವನ ಕೈಗೆ ಟವೆಲ್ ಹಾಕಲು ಹೋದ. ಕೊಂಡ ಬೆಲೆಗಿಂತ ಮೇಲೆ ಒಳ್ಳೆಯ ಲಾಭ ಸಿಗುವಂತಿತ್ತು.

“ಒಂದು ಕೇಳಬ್ಯಾಡೋ ಮಾರಾಯ” ಎಂದ ಮನೆಯವನು ಕೈ ಬಿಡಿಸಿಕೊಂಡು. “ಒಯ್ಯೋದಾದ್ರ ಎರಡನ್ನೂ ಒಯ್ಯಿ. ಅಷ್ಟು ರೊಕ್ಕ ತಂದೀಯೇನು?”

ವ್ಯಾಪಾರಿ ಟವೆಲ್ ಹೆಗಲಿಗೆ ಹಾಕಿಕೊಂಡು ಚಹಾ ಕೇಳಿದ.